ಲೆನ್ಸಿನ ಮೇಲಿನ ಕೆಂಪು ಚೀಟಿ

ತೈನಾನ್
೧೦ ಮಾರ್ಚ್ ೧೯೮೬, ಸೋಮವಾರ

ಪ್ರೀತಿಯ ಯಾವ್-ತಿಂಗ್,

ಹೇಗಿದ್ದೀಯ? ದವಡೆಯ ಹಲ್ಲುನೋವು ಕಡಿಮೆಯಾಯಿತೇ? ಹಡಗಿನಲ್ಲಿ ಯಾರೋ ಇಕ್ಕಳ ಹಿಡಿದು ಬಂದರೆಂದು ಬಾಯಿ ತೆರೆದುಬಿಡಬೇಡ, ದಡ ಸೇರುವವರೆಗೆ ಲವಂಗ ಕಚ್ಚಿಕೊಂಡಿರು. ನಾವು ಚೆನ್ನಾಗಿದ್ದೇವೆ. ಅಮ್ಮನ ಮಂಡಿ ಮೋಡ ಕವಿದಾಗ ಮಾತ್ರ ಮಾತಾಡುತ್ತದೆ. ಬೆಳಿಗ್ಗೆ ಈಗಲೂ ಮೂಲೆಯಂಗಡಿಯ ಮೀನಿನ ಗಂಜಿಯೇ ಆಗಬೇಕು, ನಾನು ಮನೆಯಲ್ಲಿ ಮಾಡಿದರೆ "ಮೀನು ಈಜಿ ಹೋದ ನೀರು" ಎನ್ನುತ್ತಾರೆ. ಅಂದಮೇಲೆ ಆರೋಗ್ಯವಾಗಿದ್ದಾರೆ ಎಂದೇ ಲೆಕ್ಕ.

ಕಂಪನಿಯವರು ಇನ್ನೆರಡು ವರ್ಷಕ್ಕೆ ಕರೆಯುತ್ತಿದ್ದಾರೆ, ಮಾರಿಷಸ್ ಬಂದರಿನಲ್ಲಿ ಸಹಿ ಹಾಕಲೋ ಅಥವಾ ಮನೆಗೆ ಬರಲೋ ಎಂದು ಅಮ್ಮನನ್ನು ಕೇಳಿದ್ದೀಯ. ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಮಗನ ಪತ್ರವೆಂದರೆ ಎರಡು ಸಲ ಓದಿಸುವವರು ಒಂದೇ ಸಲಕ್ಕೆ ಎದ್ದುಹೋಗಿ, ಆಗಲೇ ತೊಳೆದಿಟ್ಟಿದ್ದ ಅಕ್ಕಿಯನ್ನು ಮತ್ತೆ ತೊಳೆಯತೊಡಗಿದರು. ಎಲ್ಲೋ ಏನೋ ಎಡವಟ್ಟಾಗಿದೆ ಎಂದು ನನಗೆ ಆಗಲೇ ಅನ್ನಿಸಿತು.

ನೀನು ಹೊರಟ ದಿನ ಮಾವನವರ ದೊಡ್ಡ ಕ್ಯಾಮೆರಾಗೆ ಕಪ್ಪು ಬಟ್ಟೆ ಹೊದಿಸಿ, "ಅಪ್ಪನ ಲೆನ್ಸ್ ಒಂದು ನೆಟ್ಟಗಿದ್ರೆ ಸಾಕು, ಬಂದು ಮತ್ತೆ ಸ್ಟುಡಿಯೋ ಶುರು ಮಾಡ್ತೀನಿ" ಎಂದಿದ್ದೆಯಲ್ಲ. ನಾನು ಸಣ್ಣ ಕ್ಯಾಮೆರಾದಲ್ಲಿ ಶಾಲೆಮಕ್ಕಳ ಗುರುತಿನ ಚೀಟಿಯ ಫೋಟೋ ತೆಗೆದುಕೊಂಡು ಕಾಲ ಹಾಕುತ್ತಿದ್ದೇನೆ, ದೊಡ್ಡದನ್ನು ಮುಟ್ಟಿರಲಿಲ್ಲ. ಆ ಸಂಜೆ ಧೂಳು ಕೊಡವೋಣವೆಂದು ಬಟ್ಟೆ ಎತ್ತಿದೆ. ಲೆನ್ಸಿನ ಗಾಜಿನ ನಟ್ಟನಡುವೆ ಕೆಂಪು ಚೀಟಿ! ಹೊಸವರ್ಷಕ್ಕೆ ಅಮ್ಮ ಅಕ್ಕಿ ಡಬ್ಬ, ನೀರಿನ ಹಂಡೆ, ಫ್ರಿಜ್ಜುಗಳ ಮೇಲೆಲ್ಲ 'ತುಂಬಿರಲಿ' ಎಂದು ಅಂಟಿಸುತ್ತಾರಲ್ಲ, ಅದೇ. ಮುಚ್ಚಳವಿದ್ದಿದ್ದರೆ ಅದರ ಮೇಲೆ ಕೂರುತ್ತಿತ್ತೇನೋ. ಆದರೆ ಮುಚ್ಚಳ ಕಳೆದ ಮಹಾರಾಯ ಯಾರೆಂದು ನಾನು ಬರೆಯಬೇಕಿಲ್ಲ.

ಪ್ರತಿ ವರ್ಷದಂತೆ ಹಿಟ್ಟಿನ ಅಂಟಾಗಿದ್ದರೆ ಒದ್ದೆ ಬಟ್ಟೆಗೆ ಬಿಟ್ಟುಕೊಳ್ಳುತ್ತಿತ್ತು. ಗಾಜಿನ ಮೇಲೆ ಅದು ನಿಲ್ಲಲಿಲ್ಲವೆಂದು ಅಮ್ಮ ಚಪ್ಪಲಿಗೆ ಹಾಕುವ ಹಳದಿ ಗೋಂದನ್ನು ನಾಲ್ಕು ಮೂಲೆಗೂ ಬೊಟ್ಟಿಟ್ಟಿದ್ದರು. ಕಾಗದ ಕೈಗೆ ಬಂತು, ಗೋಂದು ಗಾಜಿನಲ್ಲೇ ಉಳಿಯಿತು. "ಅಕ್ಕಿ ಡಬ್ಬಕ್ಕೆ ಹಚ್ಚಿದ್ರೆ ಅಕ್ಕಿ ತೀರಲ್ಲ. ಇದಕ್ಕೆ ಹಚ್ಚಿದ್ರೆ ಗಿರಾಕಿಗಳು ತುಂಬಿರ್ತಾರೆ, ಅವ್ನು ಮತ್ತೆ ಸಮುದ್ರಕ್ಕೆ ಹೋಗೋದು ತಪ್ಪುತ್ತೆ ಅಂದ್ಕೊಂಡೆ ಕಣೇ" ಎಂದು ಹೇಳಿ ಬಾಗಿಲ ಬಳಿಯೇ ಕುಳಿತರು. "ಲೆನ್ಸಿಗೋಸ್ಕರ ಬರ್ತೀನಿ ಅಂದೋನು ಅವ್ನು. ಅದನ್ನೇ ಹಾಳುಮಾಡಿ ಯಾವ ಮುಖ ಇಟ್ಕೊಂಡು ಕರೀಲಿ? ಗಾಜು ಮೊದಲಿನ ಹಾಗಾದ್ರೆ ಬಾ ಅಂತ ಬರಿ. ಆಗದಿದ್ರೆ ಅವನಿಷ್ಟ ಅಂತ ಬರಿ." ನಾನು ಎಷ್ಟು ಹೇಳಿದರೂ ಪಟ್ಟು ಬಿಡಲಿಲ್ಲ. ಮಗನ ಹಟ ಎಲ್ಲಿಂದ ಬಂತೆಂದು ಹುಡುಕಬೇಕಾಗಿಲ್ಲ.

ಮಾವ ಆ ಗಾಜಿನ ಮೇಲಿನ ತೆಳು ಲೇಪದ ನೇರಳೆ ಹೊಳಪನ್ನು ತೋರಿಸಿ, ಇದು ಬಸಳೆ ಹಣ್ಣಿನ ಸಿಪ್ಪೆಯಷ್ಟು ನಾಜೂಕು, ಉಗುರು ತಾಗಿದರೂ ಕಿತ್ತುಬರುತ್ತದೆ ಎನ್ನುತ್ತಿದ್ದರು. ಹಾಗಾಗಿ ಕೆರೆಯುವ ಮಾತೇ ಇಲ್ಲ. ಅಮ್ಮ ತಮ್ಮ ತಲೆನೋವಿನ ಹಸಿರು ಎಣ್ಣೆ ಹಿಡಿದು ಬಂದರು. "ಇದು ಎಂಥಾ ಅಂಟನ್ನೂ ಬಿಡಿಸುತ್ತೆ, ನಿನ್ ಮೊಂಡುತನ ಒಂದನ್ನ ಬಿಟ್ಟು" ಎಂದರು. ಎಣ್ಣೆ ಒಳಗೆ ಇಳಿದರೆ ಗಾಜುಗಳ ನಡುವೆ ಮಬ್ಬು ಕೂರುತ್ತದೆಂದು ವಾಪಸು ಕಳಿಸಿದೆ. ನಾನು ಆರಿಸಿಕೊಂಡದ್ದು ಸಿಗರೇಟು ಲೈಟರಿಗೆ ತುಂಬುವ ಪೆಟ್ರೋಲು. ಹತ್ತಿರ ಬೆಂಕಿ ಇರಬಾರದು, ಊದುಬತ್ತಿ ಆರಿಸಿ ಎಂದದ್ದಕ್ಕೆ ಅಮ್ಮ ಹೌಹಾರಿದರು. "ಹಿರೀಕರ ಮುಂದಿರೋ ಬತ್ತಿ ಆರಿಸ್ಬೇಕಾ? ಅವ್ರಲ್ಲಿ ನಿಮ್ಮಾವನೂ ಇದಾರೆ!" ಸರಿ, ನಾನೇ ಲೆನ್ಸನ್ನು ಬಿಚ್ಚಿಕೊಂಡು ಹಿತ್ತಿಲಿಗೆ ಹೋದೆ.

ಮೊದಲು ರಬ್ಬರ್ ಬುರುಡೆಯಿಂದ ಗಾಳಿ ಊದಿ ಧೂಳು ಹಾರಿಸಿದೆ. ಲೆನ್ಸನ್ನು ಮುಖ ಕೆಳಗಾಗಿ ಓರೆ ಹಿಡಿದು, ಕಡ್ಡಿಗೆ ಸುತ್ತಿದ ಹತ್ತಿಯನ್ನು ಪೆಟ್ರೋಲಿನಲ್ಲಿ ಬರೀ ತೇವ ಮಾಡಿ ಗೋಂದಿನ ಮೇಲಿಟ್ಟು ಕಾದೆ. ಉಜ್ಜಲಿಲ್ಲ. ಅದು ಮೆತ್ತಗಾಗಿ ಉಬ್ಬಿದ ಮೇಲೆ ಹತ್ತಿಯನ್ನು ಉರುಳಿಸಿದೆ, ಒಂದಿಷ್ಟು ಎದ್ದುಬಂತು. ಉರುಳಿಸಿದ ಹತ್ತಿ ಎಸೆದು ಹೊಸದು. ಅವಸರ ಮಾಡಿದರೆ ಗೋಂದು ಗಾಜಿನ ತುಂಬ ಬಳಿದುಕೊಳ್ಳುತ್ತದೆ. ಅಮ್ಮ ಪಕ್ಕದ ಮಣೆಯ ಮೇಲೆ ಕುಳಿತು, ಉಸಿರು ಗಾಜಿಗೆ ತಾಗೀತೆಂದು ಬಾಯಿಗೆ ಟವೆಲು ಒತ್ತಿಕೊಂಡಿದ್ದರು. ಅವರನ್ನು ನೋಡಿ ನನಗೆ ನಗು ಬಂತು. ಮೂರು ದಿನ ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಕೊನೆಗೆ ಲೆನ್ಸ್ ಕಾಗದಕ್ಕೆ ಸ್ವಲ್ಪ ಸ್ಪಿರಿಟ್ ತಾಗಿಸಿ ನಡುವಿನಿಂದ ಅಂಚಿಗೆ ಹಗುರವಾಗಿ ಒರೆಸಿದೆ.

ಸುಳ್ಳು ಬರೆಯುವುದಿಲ್ಲ. ಒಂದು ಮೂಲೆಯ ಗೋಂದಿನ ಜೊತೆ ನೇರಳೆ ಹೊಳಪೂ ಎಳ್ಳಷ್ಟು ಹೋಗಿದೆ. ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಹಾಗಾಗಿ ಫೋಟೋ ತೆಗೆದೇ ನೋಡೋಣವೆಂದು ಲೆನ್ಸ್ ಜೋಡಿಸಿ ಅಮ್ಮನನ್ನು ಕುರ್ಚಿಯ ಮೇಲೆ ಕೂರಿಸಿದೆ. ಫೋಟೋ ಒಣಗುವ ಮೊದಲೇ ಕಿಟಕಿಗೆ ಹಿಡಿದು ನೋಡಿದರು, ಕಣ್ಣಿನ ಕೆಳಗಿನ ಒಂದೊಂದು ಸುಕ್ಕೂ ಬಂದಿತ್ತು. "ನಿಮ್ಮಾವ ಇಷ್ಟೊಂದು ಸುಕ್ಕು ಯಾವತ್ತೂ ತೆಗೀಲಿಲ್ಲ" ಎಂದು ಬೈದರು. ಆಮೇಲೆ ಅಡುಗೆಮನೆಗೆ ಹೋಗಿ ಅಲ್ಲಿಂದಲೇ ಕೂಗಿ, "ಬಾ ಅಂತ ಬರಿ" ಎಂದರು. ಅದಕ್ಕೇ ಈ ಪತ್ರ. ಫೋಟೋ ಜೊತೆಗಿಟ್ಟಿದ್ದೇನೆ.

ಹಡಗಿನಲ್ಲಿ ನಿನ್ನ ಜೊತೆಯವರಿಗೆಲ್ಲ ನಮ್ಮ ನೆನಪು ಹೇಳು. ಸಮುದ್ರದಮ್ಮ ನಿನ್ನ ಕೈಬಿಡದಿರಲಿ ಎಂದು ಅಮ್ಮ ಹರಸಿದ್ದಾರೆ.

ನಿನ್ನ
ಬೀ-ಯುನ್

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಮೇಲಿನದೆಲ್ಲ ಅಮ್ಮನ ಉತ್ತರ. ನನ್ನ ಉತ್ತರವನ್ನು ಯಾರೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಗಾಜು ಪೂರ್ತಿ ಹಾಳಾಗಿದ್ದರೂ ನಾನು ಬಾ ಎಂದೇ ಬರೆಯುತ್ತಿದ್ದೆ. ಸಹಿ ಹಾಕಬೇಡ.