ಗೊತ್ತಿಲ್ಲದಿದ್ದರೆ ನಿಲ್ಲು

ಕಮಲಾಪುರ
೨೧ ಜುಲೈ ೨೦೨೪

ಅತುಲ ಅವರಿಗೆ,

ಇತ್ತ ಕ್ಷೇಮ ಎಂದು ಬರೆದು ಪತ್ರ ಶುರು ಮಾಡುವುದು ನಮ್ಮ ಮನೆಗಳ ರೂಢಿ. ಈ ಸಲ ಅದನ್ನು ಬಿಟ್ಟಿದ್ದೇನೆ. ಅತ್ತ ನೀವು ಕ್ಷೇಮವಾಗಿಯೇ ಇದ್ದೀರಿ ಎಂಬುದು ನಿಮ್ಮ ಪತ್ರದ ಧಾಟಿಯಿಂದಲೇ ತಿಳಿಯಿತು.

ನಾನು ಜಗತ್ ಬಡಾವಣೆಯ ನಮ್ಮ ಮನೆ ಬಿಟ್ಟು ಬಂದು ವರ್ಷವಾಗುತ್ತ ಬಂತು. ಇಷ್ಟು ದಿನ ಒಂದು ಸಾಲೂ ಬರೆಯದ ನೀವು ಈಗ ನಾನು ಕಲಿಸುವ ಕಾಲೇಜಿನ ವಿಳಾಸ ಹುಡುಕಿ ಎರಡು ಪುಟ ಬರೆದಿದ್ದೀರಿ. ಜೊತೆಗೆ ನಾನು ಸಹಿ ಹಾಕಬೇಕಾದ ಒಂದು ಹಾಳೆ. ನಾವು ಬರೆದ ಕಂಪ್ಯೂಟರ್ ಪ್ರೋಗ್ರಾಮಿನ ಲೈಬ್ರರಿಯಲ್ಲಿ ದೋಷವಿಲ್ಲ, ಮಸ್ತಾನಬಿಯವರ ಬಾಳೆ ಮಾಗಿಸುವ ಕೋಣೆಯಲ್ಲಿ ‘ಕೆಲಸದ ಹೆಂಗಸೊಬ್ಬಳು’ ಉಸಿರುಗಟ್ಟಿ ಬಿದ್ದದ್ದು ಮಸ್ತಾನಬಿಯೇ ಫ್ಯಾನು ಬಂದ್ ಮಾಡಿದ್ದರಿಂದ ಎಂದು ನಾನು ಒಪ್ಪಿಕೊಡಬೇಕಂತೆ. ಲೈಬ್ರರಿ ಕೊಳ್ಳಲು ಬಂದಿರುವ ಹೈದರಾಬಾದಿನವರು ಅದನ್ನು ಕೇಳುತ್ತಿದ್ದಾರಂತೆ. ಬರೆದವರಲ್ಲಿ ನನ್ನ ಹೆಸರೇ ಮೊದಲು ಇದೆ ಎಂಬುದು ಈಗ ನಿಮಗೆ ನೆನಪಾಗಿದೆ.

ಸಹಿ ಹಾಕುವುದಿಲ್ಲ. ಯಾಕೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲವೆಂದಲ್ಲ, ಈ ಪತ್ರವನ್ನು ಅತ್ತೆ ಸಾವಿತ್ರೀಬಾಯಿಯವರಿಗೂ ನೀವು ಓದಿ ಹೇಳಬೇಕು. ಮಗ ಏನು ಮಾಡಿದ್ದಾನೆ ಎಂದು ಅವರಿಗೂ ತಿಳಿಯಲಿ.

ನಾವಿಬ್ಬರೂ ಸೇರಿ ಬರೆದದ್ದು ಸಿ ಭಾಷೆಯ ಒಂದೇ ಲೈಬ್ರರಿ. ಹೊತ್ತು ಎಣಿಸುವುದು, ಶಾಖ ನೋಡುವುದು, ಫ್ಯಾನು ಹಾಕುವುದು ಅದರ ಕೆಲಸ. ಆದರೆ ಅದು ಓಡುವ, ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಬೋರ್ಡುಗಳು ಬೇರೆ ಬೇರೆ, ನಾವು ಬರೆದದ್ದನ್ನು ಆ ಬೋರ್ಡಿಗೆ ತಿಳಿಯುವಂತೆ ಮಾಡುವ ಕಂಪೈಲರ್‌ಗಳೂ ಬೇರೆ ಬೇರೆ. ಒಂದು ಅಂಕಿ ಇಡಲು ಇಂಟ್ ಎಂದು ಬರೆದರೆ ಹೊಸ ಬೋರ್ಡಿನ ಕಂಪೈಲರ್ ಅದಕ್ಕೆ ಹಂಡೆಯಷ್ಟು ಜಾಗ ಕೊಡುತ್ತದೆ, ಹಳೆಯದು ತಂಬಿಗೆಯಷ್ಟು. ಅದಕ್ಕೇ ನಾನು ಕಾನ್ಫಿಗ್ ಫೈಲು ಬರೆದೆ. ಒಂದೊಂದು ಕಂಪೈಲರನ್ನೂ ಕೈಯಾರೆ ಪರೀಕ್ಷಿಸಿ, ಯಾವುದರಲ್ಲಿ ಯಾವುದಕ್ಕೆ ಎಷ್ಟು ಜಾಗ ಎಂದು ಬೇರೆ ಬೇರೆ ಭಾಗ ಮಾಡಿದೆ. ಎಲ್ಲದರ ಕೆಳಗೆ ಒಂದು ಸಾಲು ಇತ್ತು. ಪರೀಕ್ಷಿಸದ ಕಂಪೈಲರ್ ಬಂದರೆ, ಇದು ಗೊತ್ತಿಲ್ಲ, ಇಲ್ಲಿಗೇ ನಿಲ್ಲು ಎಂಬ ಸಾಲು. ಅದನ್ನು ದಾಟಿ ಮುಂದೆ ಕಂಪೈಲ್ ಆಗುತ್ತಿರಲಿಲ್ಲ.

ನಮ್ಮ ಮನೆ ಒಡೆದದ್ದೂ ಆ ಸಾಲಿನಿಂದಲೇ. ನೆಹರು ಗಂಜಿನ ಪೇಟೆಯಲ್ಲಿ ವ್ಯಾಪಾರಿಗಳ ಮುಂದೆ ಕಂಪೈಲ್ ನಿಂತುಹೋಯಿತು ಎಂದು ನಿಮಗೆ ಅವಮಾನವಾಗಿತ್ತು. ಮನೆಗೆ ಬಂದವರೇ, “ಗಿರಾಕಿ ಮುಂದ ನಿಲ್ಲು ನಿಲ್ಲು ಅನ್ನೋ ಸಾಮಾನು ಯಾರ್ ತಗೋತಾರ? ನಿನ್ನ ಗುಣಾನೇ ಬರದಿಟ್ಟೀದಿ ನೋಡು ಅದರಾಗ” ಎಂದಿರಿ. ಅಂದಾಜಿನ ಮೇಲೆ ಓಡುವುದಕ್ಕಿಂತ ನಿಲ್ಲುವುದೇ ಲೇಸು ಎಂದು ನಾನು ಹೇಳಿದ್ದು ನಿಮ್ಮ ಕಿವಿಗೆ ಹೋಗಲಿಲ್ಲ. ಆ ಸಾಲು ಅಳಿಸಿ, ಗೊತ್ತಿಲ್ಲದ್ದೆಲ್ಲ ಹೊಸ ಬೋರ್ಡಿನ ಹಾಗೆಯೇ ಎಂದು ಬರೆದುಬಿಟ್ಟಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹಾಗೆ. ಮರುದಿನ ನಾನು ಕಮಲಾಪುರದ ಬಸ್ಸು ಹತ್ತಿದೆ. ಆಮೇಲೆ ನಾನು ಎಲ್ಲಿ ಉಳಿದಿದ್ದೇನೆ ಎಂದು ನೀವು ಕೇಳಲಿಲ್ಲ. ಮಸ್ತಾನಬಿಯವರ ಮಾಳಿಗೆಯ ಮೇಲಿನ ಕೋಣೆಯಲ್ಲಿ ಇದ್ದೇನೆ.

ಅವರ ಕೆಂಪು ಬಾಳೆಯ ಕೋಣೆಗೆ ಫ್ಯಾನು ನಡೆಸುವ ಪೆಟ್ಟಿಗೆ ಕೂರಿಸಲು ನೀವು ಬಂದಾಗ ನಾನು ಕಾಲೇಜಿನಲ್ಲಿದ್ದೆ. ಈಗ ಅದನ್ನು ಬಿಚ್ಚಿ ನೋಡಿದ್ದೇನೆ. ಕಪಾಟಿನಲ್ಲಿ ಉಳಿದಿದ್ದ ಹಳೆಯ ಬೋರ್ಡು ಹಾಕಿದ್ದೀರಿ. ಅದರ ಕಂಪೈಲರನ್ನು ನಾವು ಎಂದೂ ಪರೀಕ್ಷಿಸಿರಲಿಲ್ಲ. ನನ್ನ ಸಾಲು ಇದ್ದಿದ್ದರೆ ಕೆಲಸ ನಿಮ್ಮ ಮೇಜಿನ ಮೇಲೆಯೇ ನಿಲ್ಲುತ್ತಿತ್ತು.

ಗೊನೆ ಮಾಗುವಾಗ ಉಸಿರು ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಕೆಟ್ಟ ಗಾಳಿ ತುಂಬದಂತೆ ಹನ್ನೆರಡು ಗಂಟೆಗೊಮ್ಮೆ ಫ್ಯಾನು ಅದನ್ನು ಹೊರಹಾಕಬೇಕು. ನೀವು ಕೂರಿಸಿದ ಬೋರ್ಡಿನಲ್ಲಿ ತಂಬಿಗೆಯಷ್ಟೇ ಜಾಗವಿರುವುದರಿಂದ ಸೆಕೆಂಡುಗಳ ಎಣಿಕೆ ಒಂಬತ್ತು ಗಂಟೆ ದಾಟುತ್ತಲೇ ತುಂಬಿಹೋಗುತ್ತದೆ, ಸೊನ್ನೆಗಿಂತ ಕೆಳಗೆ ಬಿದ್ದು ಮತ್ತೆ ಏರಲು ಶುರು ಮಾಡುತ್ತದೆ. ಆ ಪೆಟ್ಟಿಗೆಗೆ ಹನ್ನೆರಡು ಗಂಟೆ ಎಂಬುದು ಎಂದೂ ಬರುವುದಿಲ್ಲ. ನೀವು ಗುಂಡಿ ಒತ್ತಿ ಫ್ಯಾನು ತಿರುಗಿಸಿ ತೋರಿಸಿದಿರಂತೆ, ಚಹಾ ಕುಡಿದು ಹೋದಿರಂತೆ. ತಾನಾಗಿ ತಿರುಗುತ್ತದೆಯೇ ಎಂದು ಕೂತು ನೋಡಲಿಲ್ಲ. ಮೊದಲ ಸಲ ಗೊನೆ ತುಂಬಿದಾಗಲೇ ಅನಾಹುತವಾಯಿತು.

ಈಗ ತಪ್ಪು ಮಸ್ತಾನಬಿಯದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನೀವೂ ಅದೇ ಜಾತಿ. ನಿಮ್ಮ ಮಾತು ಸಂತೆಯವರೆಗೂ ಬಂದಿದೆ, ಆಕೆಯ ಕೋಣೆಗೆ ಯಾರೂ ಗೊನೆ ಹಾಕುತ್ತಿಲ್ಲ. ನಿನ್ನೆ ಖಾಲಿ ಕೋಣೆಯ ಮುಂದೆ ಕೂತು ಆಕೆ ನನ್ನನ್ನು ಕೇಳಿದರು. “ಫ್ಯಾನ್ ನಾ ಯಾಕ್ ಬಂದ್ ಮಾಡ್ಲೆವ್ವಾ? ಅದರ ಸ್ವಿಚ್ ಎಲ್ಲದ ಅಂತನೂ ನನಗ ಗೊತ್ತಿಲ್ಲ. ಡಬ್ಬಿ ತಾನೇ ನೋಡ್ಕೋತದ ಅಂತ ಹೇಳಿ ಹೋಗ್ಯಾರ ಸಾಹೇಬ್ರು.” ಬಿದ್ದವಳನ್ನು, ಮೂಗಿಗೆ ಸೆರಗು ಒತ್ತಿಕೊಂಡು ಒಳಗೆ ನುಗ್ಗಿ ಹೊರಗೆ ಎಳೆದು ತಂದದ್ದೂ ಇದೇ ಮುದುಕಿ. ಅಂಥವರ ಅನ್ನ ಕಸಿಯುವ ಹಾಳೆಗೆ ನನ್ನ ಸಹಿ ಬೇಕೆಂದು ಕೇಳಲು ನಿಮಗೆ ನಾಚಿಕೆಯಾಗಬೇಕು.

ಇಂಥ ಬೋರ್ಡು ಬೇರೆಲ್ಲಾದರೂ ಹಾಕಿದ್ದರೆ ಪತ್ರ ಓದಿದ ಕೂಡಲೇ ಫೋನು ಮಾಡಿ, ಬಾಗಿಲು ತೆರೆದಿಡಿ ಎಂದು ಹೇಳಿ. ಅಳಿಸಿದ ಸಾಲನ್ನು ಮತ್ತೆ ಬರೆಯಿರಿ. ಆಮೇಲೆ ಸಂತೆಯ ದಿನ ಇಲ್ಲಿಗೆ ಬಂದು, ಎಲ್ಲರ ಮುಂದೆ ಮಸ್ತಾನಬಿಯವರಿಗೆ ತಪ್ಪು ನನ್ನದು ಎಂದು ನಿಮ್ಮ ಬಾಯಿಂದ ಹೇಳಿ. ಬರದಿದ್ದರೆ ಹೈದರಾಬಾದಿನವರಿಗೆ ನಾನೇ ಎಲ್ಲ ಬರೆಯುತ್ತೇನೆ. ನಿಮ್ಮ ಮೇಲೆ ನನಗೆ ಸಿಟ್ಟು ಇದೆ, ಅದು ಇಳಿಯುವ ಲಕ್ಷಣ ಕಾಣುತ್ತಿಲ್ಲ. ಕೆಳಗೆ ‘ನಿಮ್ಮ’ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ.

ಇಂತಿ,
ಮೃದುಲಾ

ತಾ.ಕ.: ಬಿದ್ದವಳು ಬದುಕಿದ್ದಾಳೆಯೇ ಎಂದು ಎಲ್ಲಾದರೂ ಕೇಳಿದ್ದೀರೇನೋ ಎಂದು ನಿಮ್ಮ ಎರಡೂ ಪುಟಗಳನ್ನು ತಿರುಗಿಸಿ ನೋಡಿದೆ. ಅಂದು ಬೆಳಿಗ್ಗೆ ಫ್ಯಾನಿನ ಸದ್ದೇ ಇಲ್ಲವೆಂದು ಮಸ್ತಾನಬಿ ಹೇಳಿದ್ದರಿಂದ, ಪೆಟ್ಟಿಗೆ ನೋಡಲು ಒಳಗೆ ಹೋದವಳು ನಾನು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವರ ಮಗ ನದೀಮನಿಗೆ ಹೇಳಿದೆ, ನಿಮಗೆ ಫೋನು ಮಾಡಲಿ, ಯಾರು ಬಿದ್ದದ್ದು ಎಂದು ಕೇಳಿದರೆ ಹೆಸರು ಹೇಳಲಿ, ಕೇಳದಿದ್ದರೆ ಬೇಡ ಎಂದು. ಅವನು ತಿರುಗಿ ಬಂದು ಫೋನನ್ನು ನನ್ನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಇಟ್ಟ. ಆಮೇಲೆ, “ಕೇಳ್ಲಿಲ್ರೀ ಬಾಯಿ. ಬೋರ್ಡ್ ಸುಟ್ಟದೇನು ಅಂತ ಕೇಳಿದ್ರು” ಎಂದ.