ಭೋಜರಾಜರ ಮನೆಯ ಗೆರೆ ಗ್ಲಾಸು

ಮಾಂಬಲಂ, ಚೆನ್ನೈ
17-2-2025

ಪ್ರೀತಿಯ ರತ್ನಾ,

ಅತ್ತಿಗೆಯ ಕಾಲುನೋವು ಹೇಗಿದೆ? ಅವರ ಆರೈಕೆಯ ನಡುವೆ ನಿನ್ನ ಬಿ.ಪಿ. ಮಾತ್ರೆ ಮರೆಯಬೇಡ. ಇಲ್ಲಿ ನಾನು, ಅಶ್ವಿತಾ ಇಬ್ಬರೂ ಕ್ಷೇಮ. ಫೋನಿನಲ್ಲಿ ಹೇಳಲು ಹೊರಟರೆ ಅರ್ಧಕ್ಕೇ ನಿನ್ನ ತೀರ್ಪು ಬಂದುಬಿಡುತ್ತದೆ, ಅದಕ್ಕೇ ಈ ಕಾಗದ.

ನೀನು ಕೇಳಿದ್ದು ಒಂದೇ, ಮಗಳಿಗೆ ಹುಡುಗ ಒಪ್ಪಿಗೆಯೋ ಅಲ್ಲವೋ ಎಂದು. ಅವಳಿನ್ನೂ ಬಾಯಿ ಬಿಟ್ಟಿಲ್ಲ. ನಿನ್ನೆ ನುಂಗಂಬಾಕ್ಕಂನಲ್ಲಿ ವಿಘ್ನೇಶನ ಮನೆಗೆ ಹೋಗಿ ಬಂದೆವು. ಅವನಪ್ಪ ಭೋಜರಾಜರಿಗೆ ಹಳೆಯ ಜರ್ಮನ್ ಗ್ಲಾಸುಗಳ ಹುಚ್ಚು. ಕಪಾಟಿನ ತುಂಬ ಅವೇ. ಅದರಲ್ಲೊಂದು ಉದ್ದನೆಯ, ತಿಳಿಹಸಿರು ಗ್ಲಾಸು, ಮೈಸುತ್ತ ಗೆರೆಗಳು. ಮುನ್ನೂರು ವರ್ಷದ್ದಂತೆ. ಆಗಿನವರು ಅದಕ್ಕೆ ಬಿಯರು ತುಂಬಿ ಕೈಯಿಂದ ಕೈಗೆ ದಾಟಿಸುತ್ತಿದ್ದರಂತೆ, ಒಬ್ಬೊಬ್ಬರಿಗೆ ಸರಿಯಾಗಿ ಒಂದೊಂದು ಗೆರೆ. "ಗೆರೆ ತಪ್ಪಿದರೆ ಮುಂದಿನ ಗೆರೆವರೆಗೂ ನೀವೇ ಕುಡೀಬೇಕು ರಾಯರೇ" ಎಂದು ಭೋಜರಾಜರು ಅದಕ್ಕೆ ನಿಂಬೆ ಪಾನಕ ತುಂಬಿಸಿದರು. ಹೊಸಬರು ಬಂದರೆ ಅವರ ಮನೆಯಲ್ಲಿ ಇದೇ ಪದ್ಧತಿಯಂತೆ. ತಾವು ಒಂದು ಗೆರೆ ಕುಡಿದು ನನಗೆ ದಾಟಿಸಿದರು.

ನನ್ನ ಗತಿ ನೋಡು. ಹುಟ್ಟಿದಾಗಿನಿಂದ ಲೋಟಕ್ಕೆ ತುಟಿ ತಾಗಿಸಿದವನಲ್ಲ. ಅಭ್ಯಾಸಬಲದಿಂದ ಎತ್ತಿ ಬಾಯಿಗೆ ಸುರಿದುಕೊಂಡೆ. ತಲೆಯ ಮೇಲಿನ ಗ್ಲಾಸಿನಲ್ಲಿ ಗೆರೆ ಕಾಣುವುದು ಹೇಗೆ? ತಪ್ಪಿತು. ಮತ್ತೆ ಎತ್ತಿದೆ, ಮತ್ತೆ ತಪ್ಪಿತು. ಮೂರನೆಯ ಸಲದ್ದು ನೀನು ಇಸ್ತ್ರಿ ಮಾಡಿಸಿಟ್ಟ ಬಿಳಿ ಶರ್ಟಿನ ಪಾಲಾಯಿತು. ಗಾಜು ಕೈಜಾರದಿದ್ದದ್ದೇ ಪುಣ್ಯ. ಭೋಜರಾಜರು ಹೊಟ್ಟೆ ಹಿಡಿದು ನಕ್ಕರು. ವಿಘ್ನೇಶ ಮಾತ್ರ ನಗದೆ ಟವೆಲ್ ತಂದುಕೊಟ್ಟ. ನನಗೆ ಹುಡುಗ ಹಿಡಿಸಿದ.

ಆಟೋದಲ್ಲಿ ಮಗಳನ್ನು ಕೇಳಿದೆ. "ನೋಡೋಣ ಅಪ್ಪಾ, ಎನ್ನ ಅವಸರಂ", ಏನವಸರ ಎಂದು ತಮಿಳಿನಲ್ಲಿ ಹೇಳಿ ರಸ್ತೆ ನೋಡುತ್ತ ಕುಳಿತಳು. ನನ್ನ ಅವತಾರ ನೋಡಿ ಅವಳಿಗೆ ನಾಚಿಕೆಯಾಯಿತೇನೋ, ಕೂಡಿಬರುವ ಸಂಬಂಧವನ್ನು ನಾನೇ ಕೆಡಿಸಿದೆನೇನೋ ಎಂದು ಬೆಳಗಿನಿಂದ ಊಟ ಸೇರುತ್ತಿಲ್ಲ. ನೀನಿದ್ದಿದ್ದರೆ ಅವಳ ಮುಖ ನೋಡಿಯೇ ತಿಳಿದುಕೊಳ್ಳುತ್ತಿದ್ದೆ. ನನಗೆ ಆ ವಿದ್ಯೆ ಒಲಿದಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ಬಿಸಿಲಿಗೆ ಹೊರಗೆ ಓಡಾಡಬೇಡ.

ನಿನ್ನ,
ಶಂಕರನಾರಾಯಣ

ಮರೆತಿದ್ದೆ: ಕಾಗದ ಮಡಿಸುವಾಗ ನೆನಪಾಯಿತು. ನನ್ನ ನಂತರ ವಿಘ್ನೇಶ ಆ ಗ್ಲಾಸಿಗೆ ತುಟಿಯಿಟ್ಟು ಒಂದು ಗೆರೆ ಕುಡಿದ. ಅಶ್ವಿತಾಗೆಂದು ಬೇರೆ ಸ್ಟೀಲ್ ಲೋಟ ತಂದಿಟ್ಟಿದ್ದರು. ಇವಳು ಅದನ್ನು ಬದಿಗೆ ಸರಿಸಿ, "ಅದನ್ನೇ ಕೊಡಿ" ಎಂದು ಅವನ ಕೈಯಿಂದ ತೆಗೆದುಕೊಂಡು, ಒರೆಸದೆ, ತುಟಿಯಿಟ್ಟೇ ಕುಡಿದಳು. ಅಪ್ಪನ ಎಂಜಲು ಚಮಚ ತಾಗಿದರೂ ಕೈ ತೊಳೆಯುವ ನಮ್ಮ ಅಶ್ವಿತಾ! ಶರ್ಟು ಒರೆಸಿಕೊಳ್ಳುವ ಗಡಿಬಿಡಿಯಲ್ಲಿ ನನಗೆ ಹೊಳೆಯಲೇ ಇಲ್ಲ. ಬೇಗ ಹೊರಟು ಬಾ ರತ್ನಾ, ಅವಳು ಉತ್ತರ ಕೊಟ್ಟಾಗಿದೆ.