ಮಾವನವರ ಹೆಸರಿನಲ್ಲಿರುವ ಆಫೀಸು

ಖಾನಾಪುರ
೨೫ ಜನವರಿ ೨೦೨೫, ಶನಿವಾರ

ಓಂಕಾರ ಅವರೇ,

ಹೆಂಡತಿ ಹೆಸರು ಹಿಡಿದು ಕರೆದಳೆಂದು ಹುಬ್ಬು ಗಂಟಿಕ್ಕಬೇಡಿ. ಈ ವಾರ ನಮ್ಮ ಮನೆತನದಲ್ಲಿ ಗಂಡಂದಿರ ಹೆಸರು ಹೇಳುವ ವಿಷಯದಲ್ಲಿ ಭಾರಿ ಸುಧಾರಣೆ ಆಗಿದೆ, ಮುಂದೆ ಬರೆಯುತ್ತೇನೆ. ನಾನು ಕ್ಷೇಮ. ನಿಮ್ಮ ಕ್ಷೇಮ ವಿಚಾರಿಸಲು ಒಂದು ಕಾರಣ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.

ನಾಳೆ ರವಿವಾರ. ನಿಮ್ಮ ಲೆಕ್ಕದಂತೆ ನಾನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬೆಳಗಾವಿಯ ಶಿವಬಸವ ನಗರದ ಮನೆಯ ಬಾಗಿಲಲ್ಲಿ ನಿಲ್ಲಬೇಕು. ನೀವು ಬನಿಯನ್ನಿನಲ್ಲಿ ಸೋಫಾದ ಮೇಲೆ ಕಾಲು ಚಾಚಿ, ಟೀವಿಯಿಂದ ಕಣ್ಣು ಕೀಳದೆ, "ಬಾ, ಕುಂತು ಮಾತಾಡೂಣು" ಅನ್ನಬೇಕು. ಕಳೆದ ಮೂರು ವಾರದಿಂದ ನಿಮ್ಮ ಪ್ರತಿ ಮೆಸೇಜಿನಲ್ಲೂ ಅದೇ ಮಾತು: "ಮಷೀನ್ ಕೆಟ್ಟೈತಿ, ಮನಿಗೆ ತಗೊಂಡು ಬಾ, ನಾ ನೋಡತೇನಿ." ನೀವು ಪತ್ತಿನ ಸೊಸೈಟಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವರು. ನೋಡಿಕೊಳ್ಳುತ್ತೀರಿ, ನಿಜ, ಅದೂ ನಿಮ್ಮನ್ನು ನೋಡಿಕೊಂಡೇ ಕುಳಿತಿರುತ್ತದೆ. ನಾನು ಬರುತ್ತಿಲ್ಲ. ಏಕೆ ಎಂದು ಕ್ರಮವಾಗಿ ಬರೆಯುತ್ತೇನೆ, ಕ್ರಮ ತಪ್ಪಿದರೆ ನಿಮಗೆ ತಿಳಿಯುವುದಿಲ್ಲ.

ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿದೆ ಎಂದಾಗ ನೀವು "ದಿನಾ ಬಸ್ಸಿನ್ಯಾಗ ಅಡ್ಡಾಡಾಕ ನಮ್ಮ ಮನಿ ಸೊಸಿ ಏನ ಕಂಡಕ್ಟರಾ?" ಎಂದಿರಿ. ಅಡ್ಡಾಡುವುದು ಬೇಡವೆಂದು ನಾನು ಇಲ್ಲಿಯೇ ಒಂದು ಖೋಲಿ ಹಿಡಿದೆ. ಬಂದ ಮರುದಿನ ಲ್ಯಾಪ್‌ಟಾಪು ತೆರೆದರೆ ಮೇಲೊಂದು ಕೆಂಪು ಪಟ್ಟಿ: ಈ ಆಫೀಸು ತಂತ್ರಾಂಶದ ಪರವಾನಗಿ ಚಾಲನೆಯಲ್ಲಿಲ್ಲ, ಖಾತೆಗೆ ಮತ್ತೆ ಪ್ರವೇಶಿಸಿ. ಕಡತ ತೆರೆಯುತ್ತದೆ, ಓದಬಹುದು, ಒಂದಕ್ಷರ ಬರೆಯುವಂತಿಲ್ಲ. ಸೊಸೆ ಎಂಎ ಓದಿದ್ದಕ್ಕೆ ಹೆಮ್ಮೆಪಟ್ಟು, ಅದನ್ನು ಉಪಯೋಗಿಸಿದ್ದಕ್ಕೆ ಮುನಿಸಿಕೊಂಡ ಮನೆಯಿಂದ ಬಂದವಳು ನಾನು. ಈ ವ್ಯವಸ್ಥೆ ನನಗೆ ಹೊಸದೇನಲ್ಲ. ಆದರೆ ಆ ಕಡತದಲ್ಲಿದ್ದದ್ದು ನನ್ನ ಪಿಎಚ್‌ಡಿ ಪ್ರಬಂಧ. ಈ ತಾಲೂಕಿನ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳದೆ ಪ್ರಾಸದ ಎರಡು ಸಾಲಿನಲ್ಲಿ ಕಟ್ಟಿ ಹೇಳುವ ಒಡಪುಗಳ ಮೇಲೆ ಆರು ವರ್ಷದ ಕೆಲಸ. ಕೊನೆಯ ಅಧ್ಯಾಯ ತಿದ್ದಿ ಜನವರಿ ೨೪ರೊಳಗೆ ಕೊಡದಿದ್ದರೆ ನೋಂದಣಿಯೇ ರದ್ದು. ಇದು ನಿಮಗೆ ಗೊತ್ತಿತ್ತು. ಗೊತ್ತಿದ್ದದ್ದೇ ನಿಮ್ಮ ಅನುಕೂಲ.

ಆ ಲ್ಯಾಪ್‌ಟಾಪು ನನ್ನ ಫೆಲೋಶಿಪ್ಪಿನಲ್ಲಿ ಕೊಂಡದ್ದು. ಆಫೀಸು ತಂತ್ರಾಂಶ ಅದರೊಳಗೆ ಕಂಪನಿಯಿಂದಲೇ ತುಂಬಿ ಬಂದಿತ್ತು, ನಿಮ್ಮ ತಲೆಯಲ್ಲಿ ಕೆಲವು ವಿಚಾರಗಳು ಹುಟ್ಟುತ್ತಲೇ ತುಂಬಿ ಬಂದ ಹಾಗೆ. ಮೊದಲ ದಿನ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಒಡೆದ ಕಾಯಿಯ ನೀರು ಕೀಲಿಮಣೆಯ ಮೇಲೆ ಚೆಲ್ಲಿ, ನೀವೇ ಉದ್ಘಾಟಿಸಿದಿರಿ. ಅದು ಹೆಸರು ಕೇಳಿತು. ನಿಮ್ಮ ಮನೆಯಲ್ಲಿ ಯಾವುದು ಹೆಸರು ಕೇಳಿದರೂ ಒಂದೇ ಉತ್ತರ. ಕೊಡ, ಪರಾತ, ಚಹಾ ಸೋಸುವ ಜರಡಿಯವರೆಗೆ 'ಗುರುಪುತ್ರಪ್ಪ' ಎಂದು ಕೊರೆಸಿದೆ. ಮಾವನವರು ಲಿಂಗೈಕ್ಯರಾದ ಮೇಲೆ ಕೊಂಡ ಕುಕ್ಕರಿನ ಮೇಲೂ. ಅತ್ತೆ ಒಳಗಿನಿಂದ "ಹಿರ್ಯಾರದs ಹಾಕೋ" ಎಂದರು, ನೀವು ಮಾವನವರ ಫೋನ್ ನಂಬರು ಸಮೇತ ಹಾಕಿದಿರಿ. ನಾನು ನಕ್ಕೆ. ಆದರೆ ಈ ತಂತ್ರಾಂಶ ನಮ್ಮ ಪಾತ್ರೆಗಳಿಗಿಂತ ಕರ್ಮಠ: ಮೊದಲು ಯಾರ ಖಾತೆಯಲ್ಲಿ ತೆರೆದರೋ ಪರವಾನಗಿ ಆಮೇಲೂ ಅವರದೇ. ಉಜ್ಜಿದರೆ ಹೋಗುವುದಿಲ್ಲ.

ಹಳೆಯ ಪಾಸ್‌ವರ್ಡ್ ಹಾಕಿದೆ. ಅದು ತಣ್ಣಗೆ ಹೇಳಿತು: ಈ ಪಾಸ್‌ವರ್ಡನ್ನು ಇತ್ತೀಚೆಗೆ ಬದಲಾಯಿಸಲಾಗಿದೆ. ನಾನು ಕೈಮುಗಿದೆ. ಮಾವನವರು ಕೈಲಾಸದಲ್ಲಿ ಕುಳಿತು, ಸೊಸೆ ಖಾನಾಪುರದ ಬಸ್ಸು ಹತ್ತಿದ ಸಂಜೆಯೇ ಪಾಸ್‌ವರ್ಡ್ ಬದಲಿಸಿದ್ದಾರೆಂದರೆ ಅವರ ಚುರುಕು ಮಗನಿಗೆ ಏಕೆ ಬರಲಿಲ್ಲವೋ. ನಿಮ್ಮನ್ನು ಕೇಳಿದೆ. "ನನಗೇನ ಗೊತ್ತ? ಮಷೀನ್ ಕೆಟ್ಟೈತಿ" ಎಂದು ಬಂತು. ತಂದೆಯ ಹೆಸರು ಉಳಿಸುವ ಮಕ್ಕಳನ್ನು ಕಂಡಿದ್ದೇನೆ. ತಂದೆಯ ಹೆಸರಿನ ಹಿಂದೆ ಅವಿತುಕೊಳ್ಳುವವರನ್ನು ಕಂಡದ್ದು ಇದೇ ಮೊದಲು.

ಇಲ್ಲಿ ಬಸ್ ಸ್ಟ್ಯಾಂಡಿನ ಬಾಜು ಮಾಯಪ್ಪ ಎಂಬವರ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅವರು ನಿಮ್ಮ ಜಾತಿಯವರೇ. ಕುಲ ಬೇರೆ ಇರಬಹುದು, ಆತ್ಮವಿಶ್ವಾಸ ಒಂದೇ. "ಕ್ರ್ಯಾಕ್ ಹಾಕತೇನ್ರಿ ಮೇಡಂ, ಒರಿಜಿನಲ್‌ಗಿಂತ ಚಲೋ ನಡೀತೈತಿ" ಎಂದರು. ಬೇಡವೆಂದೆ, ಬಿರುಕು ಬಿಟ್ಟದ್ದನ್ನು ಸಂಭಾಳಿಸಿ ಸಂಭಾಳಿಸಿ ಸಾಕಾಗಿದೆ. ಆಮೇಲೆ "ತಾರೀಖ ಹಿಂದ ಸರಸೂಣ್ರಿ, ಅದಕ್ಕ ತಿಳಿಯೂದಿಲ್ಲ" ಎಂದು ಲ್ಯಾಪ್‌ಟಾಪನ್ನು ಹೋದ ವರ್ಷಕ್ಕೆ ಕಳಿಸಿದರು. ಹೋದ ವರ್ಷ ನನಗೂ ಒಗ್ಗಿರಲಿಲ್ಲ, ಅದಕ್ಕೂ ಒಗ್ಗಲಿಲ್ಲ. ಬಿಟ್ಟಿ ಸಿಗುವ ಬೇರೊಂದು ತಂತ್ರಾಂಶದಲ್ಲಿ ಕಡತ ತೆರೆದರು. ನನ್ನ ಪ್ರಬಂಧದ ಒತ್ತಕ್ಷರಗಳೆಲ್ಲ ತಂತಮ್ಮ ಅಕ್ಷರ ಬಿಟ್ಟು ತವರಿಗೆ ಹೋಗಿದ್ದವು. ಕೊನೆಗೆ ಪಾಸ್‌ವರ್ಡನ್ನು ಊಹಿಸಲು ಹೊರಟರು. ನಿಮ್ಮ ಬೈಕಿನ ನಂಬರು, ನಿಮ್ಮ ಹುಟ್ಟಿದ ದಿನ, ನಿಮ್ಮ ಹೆಸರು ಹಿಂದುಮುಂದಾಗಿ. ಅಷ್ಟು ಸಲ ನಿಮ್ಮನ್ನು ನೆನೆಸಿದ್ದಕ್ಕೆ ಖಾತೆಗೇ ಬೇಸರವಾಗಿ ಬೀಗ ಬಿತ್ತು. "ಇನ್ನ ಹೆಲ್ಪ್‌ಲೈನs ಗತಿರಿ. ಖಾತೆದಾರರನ್ನ ಮಾತಾಡಸ್ರಿ" ಎಂದರು ಮಾಯಪ್ಪ. ಖಾತೆದಾರರು ಇಲ್ಲವೆಂದೆ. "ಊರಿಗೆ ಹೋಗ್ಯಾರೇನ್ರಿ?" ಎಂದರು.

ಈಗ ಒಂದು ಒಪ್ಪಿಗೆ. ಓದಿ ಹಿಗ್ಗಿರಿ, ಈ ಪತ್ರದಲ್ಲಿ ನಿಮಗೆ ಹಿಗ್ಗಲು ಇರುವುದು ಇದೊಂದೇ. ಬುಧವಾರ ನಾನು ಸೋತೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಬೆಳಗಾವಿ ಬಸ್ಸಿಗೆ ನಿಂತೆ. ನಿಮ್ಮೆದುರು ಏನೇನು ಹೇಳಬೇಕು, ಕೆಲಸ ಬಿಡುತ್ತೇನೆ ಎಂಬುದನ್ನು ಮೊದಲು ಹೇಳಬೇಕೋ ನೀರು ಕುಡಿದು ಹೇಳಬೇಕೋ, ಎಲ್ಲ ಬಾಯಿಪಾಠ ಮಾಡಿದ್ದೆ. ಬಸ್ಸು ಬಂತು. ಇಳಿಯುವವರ ನಡುವೆ ಇಳಕಲ್ ಸೀರೆಯೊಂದು ಕಂಡಕ್ಟರನನ್ನು ಬೈಯುತ್ತ ಇಳಿಯಿತು. ನಿಮ್ಮ ತಾಯಿ. ನಿಮಗೆ ಶಹಾಪುರದ ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿ ಬಂದಿದ್ದರು.

"ಎಲ್ಲಿಗೆ ಹೊಂಟಿ?" ಎಂದರು. ನಿಮ್ಮ ಮನೆಗೇ ಅತ್ತಿ ಎಂದೆ. "ನಾನs ಇಲ್ಲಿ ಬಂದೇನಿ. ಅಲ್ಲೇನೈತಿ, ಬರೇ ಬಾಂಡೆ-ಪಾತ್ರಿ ಅದಾವು" ಎಂದರು.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆಯೇ ವಿಚಾರಣೆ ಶುರುವಾಯಿತು. ನಾನು ಹೋದ ಸಂಜೆ ಅವರ ಫೋನಿಗೆ ಒಂದು ನಂಬರು ಬಂತಂತೆ. ಮಾವನವರ ಸಿಮ್ ಈಗ ಅವರ ಫೋನಿನಲ್ಲಿದೆಯಲ್ಲ. ನೀವು "ಗ್ಯಾಸ್ ಸಿಲಿಂಡರಿಂದು, ಓದಿ ಹೇಳವ್ವಾ" ಎಂದಿರಂತೆ. ಅವರು ಕನ್ನಡಕ ಹಾಕಿಕೊಂಡು ಓದಿ ಹೇಳಿದರಂತೆ. ಸಿಲಿಂಡರು ಬರಲಿಲ್ಲ. ಗ್ಯಾಸಿನವನನ್ನು ನಿಲ್ಲಿಸಿ ಕೇಳಿದರೆ ಬುಕ್ಕಿಂಗೇ ಆಗಿಲ್ಲವೆಂದ. "ಹಂಗಾರ ನಾ ಓದಿದ್ದು ಯಾತರ ನಂಬರು? ನೀ ಸಾಲಿ ಕಲತಾಕಿ, ಓದಿ ಹೇಳು" ಎಂದು ಫೋನು ಕೊಟ್ಟರು. ಓದಿ ಹೇಳಿದೆ: ಪಾಸ್‌ವರ್ಡ್ ಬದಲಿಸಲು ಒಟಿಪಿ, ಯಾರಿಗೂ ಹೇಳಬೇಡಿ. ಮಗನನ್ನೇ ಕೇಳಬಹುದಿತ್ತಲ್ಲ ಎಂದೆ. "ಅಂವನ್ನ ಕೇಳಿದ್ರ ಇನ್ನೊಂದ ಸುಳ್ಳ ಹೇಳತಾನ. ಅದನ್ನೂ ನಾನs ನಂಬತೇನಿ" ಎಂದರು.

ನನ್ನ ಮೇಲಿನ ಪ್ರೀತಿಯಿಂದ ಬಂದರೆಂದು ತಿಳಿಯಬೇಡಿ. ನನ್ನ ಖೋಲಿಗೆ ಕಾಲಿಡುತ್ತಲೇ ಬಾಗಿಲು ಯಾವ ದಿಕ್ಕಿಗಿದೆ ಎಂದು ಮೂಗು ಮುರಿದರು, ನನ್ನ ಚಪಾತಿಯನ್ನು ಎತ್ತಿ ತೂಕ ನೋಡಿದರು. ಆದರೆ ಗಂಡನ ಹೆಸರಿನಲ್ಲಿ ಮಗ ಸುಳ್ಳು ಹೇಳಿದ್ದನ್ನು ಅವರು ಕ್ಷಮಿಸಿಲ್ಲ.

ಹೆಲ್ಪ್‌ಲೈನಿಗೆ ಫೋನು ಹಚ್ಚಿದೆವು. ಕನ್ನಡ ಬೇಕಾದರೆ ಇದನ್ನೊತ್ತಿ, ಅದನ್ನೊತ್ತಿ ಎಂದು ಸಾಕಷ್ಟು ಒತ್ತಿಸಿಕೊಂಡು ಒಬ್ಬ ಹುಡುಗಿ ಬಂದಳು. ಮೈಸೂರು ಕಡೆಯ ಬೆಣ್ಣೆ ದನಿ. ನಾನು ಎಲ್ಲ ವಿವರಿಸಿದೆ: ಖಾತೆದಾರರು ತೀರಿಕೊಂಡಿದ್ದಾರೆ, ನಂಬರು ಅವರ ಪತ್ನಿಯ ಬಳಿ ಇದೆ. ಹಾಗಾದರೆ ಪತ್ನಿಯೇ ಖಾತೆದಾರರ ಹೆಸರನ್ನು ಹೇಳಲಿ ಎಂದಳು.

ಅತ್ತೆ ಫೋನು ಹಿಡಿದರು. ಸೆರಗು ಸರಿಮಾಡಿಕೊಂಡರು. ಆಮೇಲೆ ಸಣ್ಣಗೆ ಕೆಮ್ಮಿ ಹೇಳಿದರು:

"ಹಸರ ಬಳಿ ತೊಟ್ಟ ಕೈಯಾಗ ಹಿತ್ತಾಳಿ ಚರಗಿ,
ಗುರುಪುತ್ರಪ್ಪನೋರು ಕರದರ ನಾ ನೋಡತೇನಿ ತಿರಗಿ."

ಆ ಕಡೆ ಹುಡುಗಿ ಅದನ್ನೇ ಟೈಪ್ ಮಾಡತೊಡಗಿದಳು. "ಅಮ್ಮ, ಇದ್ರಲ್ಲಿ ಹೆಸರು ಯಾವ್ದು? ಚರಗಿನಾ?" ಎಂದಳು.

ಅತ್ತೆ ರೇಗಿದರು. ಇಷ್ಟು ಓದಿ ಹೆಸರು ಯಾವುದು, ನೀರು ಕುಡಿಯುವ ಚರಗಿ ಯಾವುದು ತಿಳಿಯುವುದಿಲ್ಲವೇ ಎಂದರು. ಹುಡುಗಿ ಪಾಪ, ಬರೀ ಹೆಸರು ಸಾಕಮ್ಮ, ಮುಂದಿಂದು ಹಿಂದಿಂದು ಬೇಡ ಎಂದು ಬೇಡಿಕೊಂಡಳು. ಅತ್ತೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. "ಬರೇ ಹೆಸರ ಹೆಂಗ ತಗೀಲೇ? ಅವರನ್ನ ಮೈಮ್ಯಾಲ ಅರಿವಿ ಇಲ್ಲದs ಹೊರಗ ನಿಂದ್ರಿಸಿದಂಗ ಆಕ್ಕೈತಿ." ಮತ್ತೆ ಮೆಲ್ಲಗೆ ಎಂದರು: "ಅವರು ಹ್ವಾದಮ್ಯಾಲ ನನಗ ಯಾರೂ ಒಡಪ ಹೇಳು ಅಂದಿದ್ದಿಲ್ಲ. ಈ ಹುಡುಗಿನs ಕೇಳಿದ್ದು."

ಆಮೇಲೆ ಫೋನು ಕಿವಿಗಿಟ್ಟು, ಕಣ್ಣು ಮುಚ್ಚಿ, "ಗುರುಪುತ್ರಪ್ಪ" ಎಂದರು. ಅಷ್ಟೇ.

ಒಟಿಪಿ ಬಂತು, ಓದಿದರು, ಬೀಗ ತೆರೆಯಿತು, ಕೆಂಪು ಪಟ್ಟಿ ಹೋಯಿತು. ಕೊನೆಯ ಅಧ್ಯಾಯದಲ್ಲಿ ಮುತ್ತೈದೆಯರ ಒಡಪು ಮಾತ್ರ ಇದೆ, ಗಂಡ ಹೋದವರು ಏನು ಮಾಡುತ್ತಾರೆ ಎಂದು ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಕೇಳಿದ್ದರು. ಆರು ವರ್ಷ ಊರೂರು ತಿರುಗಿದ ನನಗೆ ಉತ್ತರ ಗೊತ್ತಿರಲಿಲ್ಲ. ಅದು ನನ್ನ ಅಡುಗೆಮನೆಯಲ್ಲೇ ರೊಟ್ಟಿ ತಟ್ಟುತ್ತಿತ್ತು. ಅತ್ತೆಯ ಮಾತನ್ನು ಅವರ ಒಪ್ಪಿಗೆ ಪಡೆದು, ಅವರ ಹೆಸರು ಹಾಕಿ ಬರೆದೆ: ಶಿವಲಿಂಗವ್ವ, ಬೆಳಗಾವಿ. ತನ್ನ ಹೆಸರು ಅಚ್ಚಿನಲ್ಲಿ ಕಂಡು "ಇದನ್ನ ಬಾಂಡೆ ಮ್ಯಾಲ ಯಾರೂ ಕೊರಸಲಿಲ್ಲ ನೋಡು" ಎಂದರು.

ನಿನ್ನೆ ಇಬ್ಬರೂ ಹೋಗಿ, ಕಾಕತಿ ದಾಟಿ, ವಿಶ್ವವಿದ್ಯಾಲಯದ ಕಚೇರಿ ಮುಚ್ಚುವ ಮೊದಲು ಪ್ರಬಂಧ ಕೊಟ್ಟು ಬಂದೆವು. ಹಿಂದಕ್ಕೆ ಬರುವಾಗ ಬಸ್ಸು ಶಿವಬಸವ ನಗರದ ತಿರುವಿನಲ್ಲಿ ನಿಂತಿತ್ತು. ಇಳಿಯುತ್ತೀರಾ ಎಂದು ಕೇಳಿದೆ. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ನಿದ್ದೆ ಬಂದವರಂತೆ ನಟಿಸಿದರು. ಚೆನ್ನಾಗಿ ನಟಿಸುತ್ತಾರೆ. ಆ ವಿದ್ಯೆಯಾದರೂ ನಿಮಗೆ ಬರಬಾರದಿತ್ತೇ.

ನಿಮ್ಮ ಕೋಪ ಇಳಿದು ಬುದ್ಧಿ ಏರುವ ಕಾಲಕ್ಕೆ ಕಾಯುವಷ್ಟು ಪುರುಸೊತ್ತು ನನಗಿಲ್ಲ, ಸೋಮವಾರ ಕ್ಲಾಸಿದೆ.

ನಿಮ್ಮ ಸುಳ್ಳಿಗೂ ನಿಮ್ಮ ತಾಯಿಯ ಖರೇ ಮಾತಿಗೂ,
ಸಾಕ್ಷಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅತ್ತೆಯ ಫೋನಿಗೆ ಮತ್ತೊಂದು ಒಟಿಪಿ ಬಂತು, ಅದರ ಬೆನ್ನಿಗೇ ನಿಮ್ಮ ಕರೆ. ಈ ಸಲ ಕರೆಂಟ್ ಬಿಲ್ಲಿನದಂತೆ. ಅತ್ತೆ ಕನ್ನಡಕ ಏರಿಸಿ, ಒಂದೊಂದೇ ಅಂಕಿಯನ್ನು ಬಿಡಿಸಿ, ಎರಡು ಸಲ ಓದಿ ಹೇಳಿದ್ದನ್ನು ನಾನು ಕಣ್ಣಾರೆ ಕಂಡೆ. ೫೯೧೩೦೨ ಹಾಕಿ ನೋಡಿದಿರಿ, ಖಾತೆ ತೆರೆಯಲಿಲ್ಲ, ಅಲ್ಲವೇ? ಮಷೀನನ್ನು ಬೈಯಬೇಡಿ. ಅವರು ಫೋನನ್ನು ನೋಡಿ ಓದಲಿಲ್ಲ, ಲಕೋಟೆಯ ಮೇಲಿನ ನನ್ನ ವಿಳಾಸ ನೋಡಿ ಓದಿದರು. ಅದು ಖಾನಾಪುರದ ಪಿನ್‌ಕೋಡ್. ಕ್ಷಮೆ ಕೇಳಿ ಇಬ್ಬರಿಗೂ ಪತ್ರ ಬರೆಯುವುದಾದರೆ ಅದೇ ನಂಬರು ಸರಿಯಾಗಿ ಕೆಲಸ ಮಾಡುತ್ತದೆ.